ಮುದಿ ನಾಯಿಗೂ ಒಬ್ಬ ನಾಮಿನಿ

ನಾನು ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಗುಮಾಸ್ತನಾಗಿದ್ದವನು. ಕೌಂಟರಿನ ಆಚೆ ನಿಂತವರಿಗೆ ನಾನು ಅತಿ ಹೆಚ್ಚು ಸಲ ಹೇಳಿದ ಮಾತು ಎರಡು. ಒಂದು, "ಇಲ್ಲಿ ಸಹಿ ಹಾಕಿ." ಇನ್ನೊಂದು, "ನಾಮಿನಿ ಯಾರು?" ಎರಡನೆಯ ಪ್ರಶ್ನೆ ಕೇಳಿದರೆ ಕೆಲವರಿಗೆ ಸಿಟ್ಟು ಬರುತ್ತಿತ್ತು. "ನಾನೇನು ನಾಳೆಯೇ ಸಾಯ್ತೇನಾ ಮಾರಾಯ್ರೆ?" ಎನ್ನುತ್ತಿದ್ದರು. "ಸಾಯುವುದಕ್ಕಲ್ಲ, ಇರುವಷ್ಟು ದಿನ ಚಿಂತೆ ಇಲ್ಲದೆ ಇರುವುದಕ್ಕೆ" ಎಂದು ಸಮಾಧಾನ ಹೇಳಿ ಫಾರ್ಮು ತುಂಬಿಸುತ್ತಿದ್ದೆ. ಅದೇ ಮಾತನ್ನು ನನ್ನ ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ನಾಯಿಯ ವಿಷಯದಲ್ಲಿ ಇನ್ನೊಬ್ಬರ ಬಾಯಿಂದ ನಾನೇ ಕೇಳಬೇಕಾಯಿತು. ಆ ಕತೆಯನ್ನು ಇಲ್ಲಿ ಹೇಳುತ್ತೇನೆ.

ಅಂಗಡಿ ಜಗಲಿಯ ಅತಿಥಿ

ಎರಡು ವರ್ಷದ ಹಿಂದಿನ ಆಟಿ ತಿಂಗಳು. ಮಂಗಳೂರಿನ ಆಟಿಯ ಮಳೆ ಗೊತ್ತಲ್ಲ, ಸುರಿಯಲು ತೊಡಗಿದರೆ ಕೊಡೆಯೂ ಬೇಡ, ರೇನ್‌ಕೋಟೂ ಬೇಡ ಎನ್ನುವ ಹಾಗೆ ಸುರಿಯುತ್ತದೆ. ಬಿಜೈಯ ನಮ್ಮ ಓಣಿಯಲ್ಲಿ ಮುಚ್ಚಿಹೋದ ಒಂದು ಜೀನಸಿ ಅಂಗಡಿ ಇದೆ. ಆರನೇ ತರಗತಿಯ ನನ್ನ ಮೊಮ್ಮಗಳು ಶಾಲೆಯಿಂದ ಬರುವಾಗ ಅದರ ಜಗಲಿಯ ಮೇಲೆ ಒಂದು ಬಿಳಿ ನಾಯಿ ಮಲಗಿದ್ದನ್ನು ನೋಡಿದಳು.

"ಅಜ್ಜ, ಅದರ ಕುತ್ತಿಗೆಯಲ್ಲಿ ಬೆಲ್ಟ್ ಉಂಟು. ಹಾಗಾದರೆ ಅದಕ್ಕೆ ಮನೆಯೂ ಉಂಟಲ್ಲ? ಮತ್ತೆ ಎಂತಕ್ಕೆ ಮನೆಗೆ ಹೋಗುವುದಿಲ್ಲ?"

ಹೋಗಿ ನೋಡಿದೆ. ಬಣ್ಣ ಹೋದ ಕೆಂಪು ಬೆಲ್ಟು. ಮೂತಿಯ ಸುತ್ತ ಕೂದಲು ಉದುರಿ ತೆಳ್ಳಗಾಗಿತ್ತು. ಹಿಂದಿನ ಬಲಗಾಲನ್ನು ಊರಲಾಗದೆ ಎತ್ತಿಕೊಂಡಿತ್ತು. ಒಂದು ಕಿವಿಯ ತುದಿಯಲ್ಲಿ ಚಿಕ್ಕದಾಗಿ ಕತ್ತರಿಸಿದ ಗುರುತಿತ್ತು. ಮಕ್ಕಳೇ, ಬೀದಿ ನಾಯಿಗಳ ಕಿವಿಯಲ್ಲಿ ಇಂಥ ಗುರುತು ಕಂಡರೆ ಯಾರೋ ಕೀಟಲೆ ಮಾಡಿದ್ದೆಂದು ತಿಳಿಯಬೇಡಿ. ಮರಿ ಹಾಕದಂತೆ ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗದ ಲಸಿಕೆ ಚುಚ್ಚಿ ಬಿಟ್ಟಿದ್ದಾರೆ ಎಂಬುದಕ್ಕೆ ಅದು ಸಾಕ್ಷಿ.

ಕಿವಿ ಹೇಳುವ ಕತೆ ಒಂದು, ಬೆಲ್ಟು ಹೇಳುವ ಕತೆ ಇನ್ನೊಂದು. ಎರಡನ್ನೂ ಸೇರಿಸಿದರೆ, ಒಂದು ಕಾಲದಲ್ಲಿ ಬೀದಿಯಲ್ಲಿದ್ದ ನಾಯಿಯನ್ನು ಯಾರೋ ಮನೆಗೆ ಕರೆದುಕೊಂಡಿದ್ದರು, ಅದಕ್ಕೆ ವಯಸ್ಸಾದ ಮೇಲೆ ಮತ್ತೆ ಬೀದಿಗೆ ಬಿಟ್ಟಿದ್ದರು. ಮನೆ ಮಾರಿ ಫ್ಲಾಟಿಗೆ ಹೋದರೋ, ಮಕ್ಕಳಿದ್ದ ದೂರದ ಊರಿಗೆ ಹೋದರೋ ತಿಳಿಯಲಿಲ್ಲ. ಓಣಿಯ ಮಕ್ಕಳು ಅದಕ್ಕೆ 'ಬೊಳ್ಳು' ಎಂದು ಹೆಸರಿಟ್ಟರು. ತುಳುನಾಡಿನಲ್ಲಿ ಬಿಳಿ ನಾಯಿಗೆ ಇಡುವ ಹೆಸರೇ ಅದು.

ಸಾಕಿದ ಪ್ರಾಣಿಯನ್ನು ಹೀಗೆ ಬಿಟ್ಟುಹೋಗುವುದು ನಮ್ಮ ದೇಶದಲ್ಲಿ ಅಪರಾಧ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಲ್ಲಿ ಅದನ್ನು ಬರೆದಿದ್ದಾರೆ. ಆದರೆ ಮೊದಲ ಸಲದ ತಪ್ಪಿಗೆ ದಂಡ ಎಷ್ಟು ಗೊತ್ತೇ? ಹತ್ತು ರೂಪಾಯಿಗೆ ಕಡಿಮೆ ಇಲ್ಲದಂತೆ, ಐವತ್ತು ರೂಪಾಯಿ ಮೀರದಂತೆ. 1960ರಲ್ಲಿ ಐವತ್ತು ರೂಪಾಯಿ ದೊಡ್ಡ ಮೊತ್ತವೇ ಆಗಿತ್ತು. ಈಗ ಆ ದುಡ್ಡಿಗೆ ಹೋಟೆಲಿನಲ್ಲಿ ಒಂದು ಮಸಾಲೆದೋಸೆ ಸಿಕ್ಕಿದರೆ ಪುಣ್ಯ.

ನಮ್ಮ ವಠಾರದ ಒಬ್ಬ ಕಾಲೇಜು ಹುಡುಗ ಬೊಳ್ಳುವನ್ನು ಆಟೋದಲ್ಲಿ ಹಾಕಿಕೊಂಡು ಪಶುವೈದ್ಯರ ಹತ್ತಿರ ಹೋದ. ಕಾಲಿಗೆ ಯಾವುದೋ ವಾಹನ ತಾಗಿತ್ತು. ಮೂಳೆ ಮುರಿದಿರಲಿಲ್ಲ. ಹಲ್ಲು ನೋಡಿ ವೈದ್ಯರು, "ಒಂಬತ್ತು ವರ್ಷವಂತೂ ಆಗಿದೆ, ಹತ್ತೂ ಇರಬಹುದು. ಗಂಟು ನೋವಿದೆ. ಇನ್ನು ಇದಕ್ಕೆ ಬೀದಿ ಆಗುವುದಿಲ್ಲ, ಮನೆ ಬೇಕು" ಎಂದರಂತೆ. ಹುಡುಗ ತನ್ನ ಮನೆಯ ಹಿಂದಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ಅದಕ್ಕೆ ಜಾಗ ಮಾಡಿದ. ಆದರೆ ಅವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತ್ತು. ಹೊರಡಲು ಉಳಿದದ್ದು ಒಂದೇ ತಿಂಗಳು. "ಅಷ್ಟರೊಳಗೆ ಮನೆ ಸಿಗದಿದ್ದರೆ ಪುನಃ ಜಗಲಿಯೇ ಗತಿ, ಅಂಕಲ್" ಎಂದ.

ನೀವೇ ಯಾಕೆ ಇಟ್ಟುಕೊಳ್ಳಲಿಲ್ಲ ಎಂದು ಓದುಗರು ಕೇಳಬಹುದು. ನಮ್ಮದು ಲಿಫ್ಟಿಲ್ಲದ ಹಳೆಯ ಕಟ್ಟಡದ ಮೂರನೇ ಮಹಡಿ, ನೋವಿನ ಕಾಲಿನ ನಾಯಿ ಹತ್ತುವುದು ಹೇಗೆ ಎಂದು ಎಲ್ಲರಿಗೂ ಹೇಳಿದೆ. ಅದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ನನ್ನ ಮನಸ್ಸಿನಲ್ಲಿದ್ದ ಲೆಕ್ಕವೇ ಬೇರೆ. ನನಗೆ ಎಪ್ಪತ್ತೆರಡು, ಸಕ್ಕರೆ ಕಾಯಿಲೆ ಬೇರೆ. ನಾಳೆ ನಾನು ಹೋದರೆ ಈ ನಾಯಿ ಎರಡನೇ ಸಲ ಅನಾಥ. ಮುದುಕ ಮುದಿ ನಾಯಿಯನ್ನು ತರುವುದು ನ್ಯಾಯವಲ್ಲ ಎಂದು ತೀರ್ಮಾನಿಸಿಬಿಟ್ಟಿದ್ದೆ.

ಸುಳ್ಳು ಬರೆದ ಚೀಟಿ

ನಾನೂ ಮೊಮ್ಮಗಳೂ ಮನೆ ಹುಡುಕಲು ಹೊರಟೆವು. ಪರಿಚಯದವರನ್ನೆಲ್ಲ ಕೇಳಿದೆವು. ಮರಿಯಾದರೆ ಕೊಡಿ ಎಂದವರೇ ಹೆಚ್ಚು. ಒಂದು ಮನೆಯ ಹುಡುಗ, "ಚಾರ್ಲಿ ತರಹದ್ದು ಉಂಟಾ?" ಎಂದು ಕೇಳಿದ. ಕಾಸರಗೋಡಿನ ಕಿರಣ್‌ರಾಜ್ ಕೆ. ನಿರ್ದೇಶಿಸಿದ, 2022ರಲ್ಲಿ ಬಂದ '777 ಚಾರ್ಲಿ' ಸಿನಿಮಾ ನೋಡಿದ ಮಕ್ಕಳಿಗೆಲ್ಲ ಅಂಥದೇ ಲ್ಯಾಬ್ರಡಾರ್ ಬೇಕು. ಆ ಕತೆಯ ಚಾರ್ಲಿಯೂ ದುಡ್ಡು ಕೊಟ್ಟು ತಂದದ್ದಲ್ಲ, ನಾಯಿ ಮಾರುವವನ ಹಿಂಸೆ ತಾಳದೆ ಓಡಿಬಂದು ಧರ್ಮನ ಮನೆ ಸೇರಿದ್ದು ಎಂಬುದನ್ನು ಆ ಹುಡುಗನಿಗೆ ನೆನಪಿಸಿದೆ. ಅವನು ಯೋಚನೆಯಲ್ಲಿ ಬಿದ್ದ. ಅವನ ಅಮ್ಮ ಬೀಳಲಿಲ್ಲ.

ಹಾಗಾಗಿ ಒಂದು ಚೀಟಿ ಬರೆದು ಅಂಗಡಿ, ಹಾಲಿನ ಬೂತು, ಜೆರಾಕ್ಸ್ ಅಂಗಡಿಗಳಲ್ಲಿ ಅಂಟಿಸಿದೆವು. ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಮೊಮ್ಮಗಳು ಚೀಟಿಯಲ್ಲಿ 'ವಯಸ್ಸು 9' ಎಂದು ಬರೆದಿದ್ದಳು. ನಾನು ಅದನ್ನು ಹೊಡೆದು 'ಸುಮಾರು 4' ಎಂದು ತಿದ್ದಿದೆ. "ಅಜ್ಜ, ಅದು ಸುಳ್ಳಲ್ವಾ?" ಎಂದಳು. "ಸುಮಾರು ಎಂದು ಬರೆದಿದ್ದೇನಲ್ಲ" ಎಂದೆ. ಮೂವತ್ತೇಳು ವರ್ಷ ಲೆಡ್ಜರಿನಲ್ಲಿ ಒಂದು ಅಂಕಿ ತಿದ್ದದವನು ಆ ದಿನ ಒಂದು ನಾಯಿಯ ವಯಸ್ಸು ತಿದ್ದಿದೆ.

ನಾಯಿಯ ಒಂದು ವರ್ಷ ಮನುಷ್ಯನ ಏಳು ವರ್ಷಕ್ಕೆ ಸಮ ಎಂದು ನಾವೆಲ್ಲ ಕೇಳಿದ್ದೇವೆ. ಆ ಲೆಕ್ಕ ಸರಿಯಲ್ಲ. ನಾಯಿ ಮೊದಲ ವರ್ಷಗಳಲ್ಲಿ ಬೇಗ ಬೇಗ ಬಲಿಯುತ್ತದೆ, ಆಮೇಲೆ ವೇಗ ಕಡಿಮೆಯಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿಜ್ಞಾನಿಗಳು ಲ್ಯಾಬ್ರಡಾರ್ ನಾಯಿಗಳ ಡಿಎನ್‌ಎ ಪರೀಕ್ಷಿಸಿ 2020ರಲ್ಲಿ ಒಂದು ಹೊಸ ಸೂತ್ರ ಪ್ರಕಟಿಸಿದರು. ಅದರಲ್ಲಿ ಲಾಗರಿದಮ್ ಬರುತ್ತದೆ, ಮಕ್ಕಳು ಹೆದರಬೇಡಿ, ಉತ್ತರವನ್ನಷ್ಟೇ ಹೇಳುತ್ತೇನೆ. ಅದರ ಪ್ರಕಾರ 1 ವರ್ಷದ ನಾಯಿ 31 ವರ್ಷದ ಮನುಷ್ಯನಿಗೆ ಸಮ. 4 ವರ್ಷದ್ದು 53ಕ್ಕೆ, 9 ವರ್ಷದ್ದು 66ಕ್ಕೆ, 10 ವರ್ಷದ್ದು 68ಕ್ಕೆ ಸಮ. ತಳಿ ಬೇರೆಯಾದರೆ ಅಂಕಿ ಸ್ವಲ್ಪ ಆಚೀಚೆ ಆದೀತು. ಅಂತೂ ನಾನು ಅರುವತ್ತಾರರ ನಿವೃತ್ತನನ್ನು ಐವತ್ತಮೂರರ ನೌಕರ ಎಂದು ದಾಖಲೆ ಮಾಡಿದ್ದೆ.

ಚೀಟಿ ನೋಡಿ ಒಂದು ಕುಟುಂಬ ಬಂತು. ಒಳ್ಳೆಯ ಜನರೇ. ಇಬ್ಬರು ಮಕ್ಕಳು, ಚೆಂಡು ಬಿಸಾಡಿದರೆ ತಂದುಕೊಡುವ ನಾಯಿ ಬೇಕಿತ್ತು. ಎಂಟನೇ ದಿನ ಬೊಳ್ಳುವನ್ನು ವಾಪಸು ತಂದುಬಿಟ್ಟರು. ಮೆಟ್ಟಿಲು ಹತ್ತುವುದಿಲ್ಲ, ಆಡುವುದಿಲ್ಲ, ರಾತ್ರಿ ಒಳಗೇ ಮೂತ್ರ ಮಾಡುತ್ತದೆ, ಮಕ್ಕಳು ಹಿಂದಿನಿಂದ ಮುಟ್ಟಿದರೆ ಗುರ್ರೆನ್ನುತ್ತದೆ ಎಂದರು. ಅವರ ತಪ್ಪೇನೂ ಇರಲಿಲ್ಲ. ಅವರು ಕೇಳಿದ್ದು ನಾಲ್ಕು ವರ್ಷದ ನಾಯಿ.

ಆಟೋದಿಂದ ಇಳಿದ ಬೊಳ್ಳು ಕೊಟ್ಟಿಗೆಯ ಮೂಲೆಗೆ ಹೋಗಿ ಗೋಡೆಗೆ ಮುಖ ಮಾಡಿ ಮಲಗಿತು. ಮೊಮ್ಮಗಳು ನನ್ನ ಹತ್ತಿರ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ನಿಜ ಬರೆದ ಚೀಟಿ

ಮೂರನೇ ದಿನ ಅವಳೇ ಒಂದು ಕಾಗದ ತಂದು ಮುಂದಿಟ್ಟಳು. "ಈ ಸಲ ನೀವು ತಿದ್ದಬಾರದು" ಎಂದಳು. ಅದರಲ್ಲಿ ಹೀಗಿತ್ತು:

"ಹೆಸರು ಬೊಳ್ಳು. ವಯಸ್ಸು 9 ಅಥವಾ 10. ಓಡುವುದಿಲ್ಲ. ನಿಧಾನ ನಡೆಯುತ್ತದೆ. ಕಾಲು ನೋವು ಉಂಟು. ಕಿವಿ ಸ್ವಲ್ಪ ಮಂದ. ರಾತ್ರಿ ಒಂದು ಸಲ ಹೊರಗೆ ಬಿಡಬೇಕು. ಮಲಗಿದ್ದಾಗ ಮುಟ್ಟಿದರೆ ಹೆದರುತ್ತದೆ. ಕುಚ್ಚಲಕ್ಕಿ ಅನ್ನ, ಮೊಟ್ಟೆ ಇಷ್ಟ. ಗುಡುಗಿದರೆ ನಮ್ಮ ಕಾಲಿನ ಹತ್ತಿರ ಬಂದು ಕೂರುತ್ತದೆ. ಲಸಿಕೆ ಆಗಿದೆ. ಮೆಟ್ಟಿಲಿಲ್ಲದ ಮನೆ ಬೇಕು."

ನನಗೆ ನಾಚಿಕೆಯಾಯಿತು. ನಾವು ಸಾಲ ಕೊಡುವಾಗ ಏನು ಕೇಳುತ್ತಿದ್ದೆವು? ಆಸ್ತಿ ಎಷ್ಟು ಎಂಬುದರ ಜೊತೆಗೆ ಋಣ ಎಷ್ಟು ಎಂಬುದನ್ನೂ ಬರೆಸುತ್ತಿದ್ದೆವು. ಎರಡೂ ಬದಿ ಸರಿಯಾಗಿದ್ದರೆ ಮಾತ್ರ ತಾಳೆ. ಈ ಹುಡುಗಿ ಬ್ಯಾಲೆನ್ಸ್ ಶೀಟು ಬರೆದಿದ್ದಳು.

ಈ ಚೀಟಿಗೆ ಮೊದಲಿನಷ್ಟು ಫೋನು ಬರಲಿಲ್ಲ. ಹದಿನೈದು ದಿನದಲ್ಲಿ ಬಂದದ್ದು ಎರಡೇ. ಒಬ್ಬರಿಗೆ ತೋಟ ಕಾಯಲು ನಾಯಿ ಬೇಕಿತ್ತು. ಇನ್ನೊಂದು ಕುಲಶೇಖರದ ಒಬ್ಬ ನಿವೃತ್ತ ಟೀಚರಿನದು. ಅವರಿಗೆ ಅರುವತ್ತೆಂಟು ವರ್ಷ. ಗಂಡ ತೀರಿಹೋಗಿದ್ದಾರೆ, ಮಗಳು ಮಸ್ಕತ್ತಿನಲ್ಲಿ. ಹೆಂಚಿನ ಮನೆ, ಮೆಟ್ಟಿಲಿಲ್ಲ, ಸುತ್ತ ಪಾಗಾರ. ಫೋನಿನಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ, "ರಾತ್ರಿ ಎಷ್ಟು ಗಂಟೆಗೆ ಹೊರಗೆ ಬಿಡಬೇಕು? ನಾನೂ ಎರಡು ಗಂಟೆಗೆ ಒಮ್ಮೆ ಏಳುತ್ತೇನೆ."

ನಾವು ಬೊಳ್ಳುವನ್ನು ಕರೆದುಕೊಂಡು ಹೋದೆವು. ಟೀಚರು ಅದನ್ನು ಮುಟ್ಟಲಿಲ್ಲ, ಕರೆಯಲೂ ಇಲ್ಲ. ಜಗಲಿಯಲ್ಲಿ ಕುರ್ಚಿ ಹಾಕಿ ಸುಮ್ಮನೆ ಕುಳಿತು ಹೂ ಕಟ್ಟುತ್ತಿದ್ದರು. ಅರ್ಧ ಗಂಟೆಯಾದ ಮೇಲೆ ಬೊಳ್ಳು ತಾನಾಗಿ ಹೋಗಿ ಅವರ ಚಪ್ಪಲಿ ಮೂಸಿ ಪಕ್ಕದಲ್ಲಿ ಮಲಗಿತು.

ನನ್ನ ಬಾಯಿ ತಡೆಯಲಿಲ್ಲ. "ಟೀಚರೇ, ತಪ್ಪು ತಿಳಿಯಬೇಡಿ. ನಿಮಗೂ ವಯಸ್ಸಾಯಿತು. ನಾಳೆ ನಿಮಗೇನಾದರೂ ಆದರೆ..."

ಅವರು ನಕ್ಕರು. "ನೀವು ಬ್ಯಾಂಕಿನವರಲ್ವಾ? ಎಫ್‌ಡಿ ಇಡುವಾಗ 'ನಿಮಗೆ ವಯಸ್ಸಾಯಿತು, ಡೆಪಾಸಿಟ್ ಬೇಡ' ಅಂತ ಹೇಳ್ತಿದ್ರಾ? ನಾಮಿನಿ ಯಾರು ಅಂತ ಕೇಳ್ತಿದ್ರಿ. ಇದಕ್ಕೂ ಬರೆಯುವ, ಕಾಗದ ತನ್ನಿ."

ನನ್ನ ಜೀವಮಾನದ ಮಾತನ್ನು ನನಗೇ ತಿರುಗಿಸಿದ್ದರು. ಪಕ್ಕದ ಮನೆಯಲ್ಲಿ ಅವರ ತಮ್ಮನ ಮಗ ಇದ್ದಾನೆ. ಅವನನ್ನು ಕರೆದು ಕೂರಿಸಿ ಒಂದು ಹಾಳೆಯಲ್ಲಿ ಬರೆದೆವು: ಟೀಚರಿಗೆ ನೋಡಿಕೊಳ್ಳಲು ಆಗದೇ ಹೋದರೆ ಬೊಳ್ಳು ಅವನ ಹೊಣೆ. ಅವನಿಗೂ ಆಗದಿದ್ದರೆ ಎರಡನೇ ಹೆಸರು ನನ್ನದು. ಬಾಡಿಗೆಗೆ ನೆಲಮಹಡಿಯ ಕೋಣೆಯನ್ನಾದರೂ ಹಿಡಿದು ನೋಡಿಕೊಳ್ಳುತ್ತೇನೆ ಎಂದು ಸಹಿ ಹಾಕಿದೆ. ಯಾವ ಸಂದರ್ಭದಲ್ಲೂ ಬೀದಿಗೆ ಬಿಡುವಂತಿಲ್ಲ. ಆ ಹಾಳೆ ಕೋರ್ಟಿನಲ್ಲಿ ನಿಲ್ಲುತ್ತದೋ ಇಲ್ಲವೋ, ನಮ್ಮ ನಾಲ್ವರ ಮನಸ್ಸಿನಲ್ಲಂತೂ ನಿಂತಿತು.

ಆಮೇಲೆ 2025ರ ಆಗಸ್ಟ್ 22ರಂದು ಸುಪ್ರೀಂ ಕೋರ್ಟು ದೆಹಲಿಯ ಬೀದಿ ನಾಯಿಗಳ ಬಗ್ಗೆ ಕೊಟ್ಟ ಆದೇಶದಲ್ಲಿ ಇಂಥದೇ ಒಂದು ಮಾತು ಬಂತು. ಬೀದಿ ನಾಯಿಯನ್ನು ದತ್ತು ಪಡೆಯಲು ಬಯಸುವವರು ನಗರಪಾಲಿಕೆಗೆ ಅರ್ಜಿ ಕೊಡಬಹುದು, ಪಡೆದ ಮೇಲೆ ಅದು ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರ ಜವಾಬ್ದಾರಿ ಎಂದು ನ್ಯಾಯಾಲಯ ಹೇಳಿತು. ಪತ್ರಿಕೆಯಲ್ಲಿ ಓದಿ ಟೀಚರು ಫೋನು ಮಾಡಿದರು: "ನಮ್ಮ ಕಾಗದ ಮೊದಲೇ ಆಗಿದೆ ಅಂತ ಅವರಿಗೆ ಹೇಳಿ."

ಸಾವಿರ ವರ್ಷದ ಹಿಂದಿನ ಏರ್ಪಾಟು

ಇದೆಲ್ಲ ಈಗಿನವರ ಶೋಕಿ ಎಂದು ಹೇಳುವ ಹಿರಿಯರಿದ್ದಾರೆ. ಅವರಿಗಾಗಿ ಎರಡು ಹಳೆಯ ಸಂಗತಿ.

ಮಹಾಭಾರತದ ಕೊನೆ ಅಜ್ಜ-ಅಜ್ಜಿಯರಿಗೆ ಗೊತ್ತು. ತಮ್ಮಂದಿರೂ ದ್ರೌಪದಿಯೂ ದಾರಿಯಲ್ಲಿ ಬಿದ್ದ ಮೇಲೆ ಧರ್ಮರಾಯನ ಜೊತೆ ಉಳಿದದ್ದು ಒಂದು ನಾಯಿ. ನಾಯಿಯನ್ನು ಬಿಟ್ಟು ರಥ ಹತ್ತು ಎಂದು ಇಂದ್ರ ಹೇಳಿದಾಗ ಧರ್ಮರಾಯ ಒಪ್ಪಲಿಲ್ಲ. ನಂಬಿ ಬಂದದ್ದನ್ನು ಬಿಟ್ಟು ಬರುವ ಸ್ವರ್ಗ ಅವನಿಗೆ ಬೇಡವಾಯಿತು.

ಇನ್ನೊಂದು ಪುರಾಣವಲ್ಲ, ಕಲ್ಲಿನಲ್ಲಿ ಕೊರೆದ ಚರಿತ್ರೆ. ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನಲ್ಲಿ ಆತಕೂರು ಎಂಬ ಊರಿದೆ. ಅಲ್ಲಿ ಸಿಕ್ಕಿದ ಕ್ರಿ.ಶ. 949-50ರ ಶಾಸನ ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೇ ಕೃಷ್ಣ, ಗಂಗರ ಬೂತುಗ ಇವರೆಲ್ಲ ಚೋಳರ ಮೇಲೆ ಯುದ್ಧ ಮಾಡಿದ ಕಾಲ. ಮಣಲೇರನೆಂಬ ವೀರ ಚೆನ್ನಾಗಿ ಹೋರಾಡಿದ. ಒಡೆಯ ಮೆಚ್ಚಿ, ಬೇಕಾದ್ದನ್ನು ಕೇಳು ಎಂದ. ಊರು ಕೇಳಬಹುದಿತ್ತು, ಹೊನ್ನು ಕೇಳಬಹುದಿತ್ತು. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ದೊಡ್ಡದೊಂದು ಕಾಡುಹಂದಿಯ ಜೊತೆ ಸೆಣಸಿತು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಅದಕ್ಕೊಂದು ಕಲ್ಲು ನಿಲ್ಲಿಸಿದ. ನಾಯಿ, ಹಂದಿ ಕಾದಾಡುವ ಚಿತ್ರ ಆ ಕಲ್ಲಿನಲ್ಲಿದೆ.

ಗುಮಾಸ್ತನಾದ ನನಗೆ ಆ ಶಾಸನದಲ್ಲಿ ಹಿಡಿಸಿದ್ದು ಮುಂದಿನ ಭಾಗ. ಕಲ್ಲು ನಿಲ್ಲಿಸಿ ಮಣಲೇರ ಸುಮ್ಮನಾಗಲಿಲ್ಲ. ಅದರ ಪೂಜೆಗೆಂದು ಕೆರೆಯ ಕೆಳಗಿನ ಗದ್ದೆ ಬಿಟ್ಟ. ದೇವಸ್ಥಾನ ನೋಡಿಕೊಳ್ಳುವ ಗೊರವ ಆ ಕಲ್ಲಿಗೆ ಪೂಜೆ ಮಾಡದೆ ಉಂಡರೆ ಪಾಪ ಎಂದು ಬರೆಸಿದ. ತಾನು ಹೋದ ಮೇಲೂ ನಾಯಿಯ ನೆನಪನ್ನು ನೋಡಿಕೊಳ್ಳುವವರು ಇರಬೇಕು ಎಂಬ ಏರ್ಪಾಟು ಅದು. ದುಡ್ಡಿನ ವ್ಯವಸ್ಥೆಯೂ ಆಯಿತು, ಹೊಣೆಗಾರನೂ ಆಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಎಫ್‌ಡಿ ಮತ್ತು ನಾಮಿನಿ.

ಹತ್ತಿರದ ಕಾಲದ ಉದಾಹರಣೆಯೂ ಇದೆ. ಇಂಗ್ಲೆಂಡಿನ ಮೂಲದ ಕ್ರಿಸ್ಟಲ್ ರೋಜರ್ಸ್ ಎಂಬ ಮಹಿಳೆ ದೆಹಲಿಯಲ್ಲಿ, ಜೈಪುರದಲ್ಲಿ ಪ್ರಾಣಿಗಳ ಸೇವೆ ಮಾಡಿ ಬೆಂಗಳೂರಿಗೆ ಬಂದರು. 1991ರಲ್ಲಿ ಅಲ್ಲಿ 'ಕ್ಯೂಪಾ' ಸಂಸ್ಥೆ ಆರಂಭಿಸಿದಾಗ ಅವರಿಗೆ ಎಂಬತ್ತು ದಾಟಿತ್ತು. ಇನ್ನೆಷ್ಟು ದಿನ ಎಂದು ಲೆಕ್ಕ ಹಾಕಿ ಕೂರಲಿಲ್ಲ, ತಮ್ಮ ನಂತರ ನಡೆಸುವವರನ್ನು ಕೂಡಿಸಿಕೊಂಡರು. 1996ರಲ್ಲಿ ಅವರು ತೀರಿಕೊಂಡರು, ಸಂಸ್ಥೆ ಈಗಲೂ ಇದೆ. ನಮ್ಮ ಮಂಗಳೂರಿನ ಶಕ್ತಿನಗರದಲ್ಲೂ ಅನಿಮಲ್ ಕೇರ್ ಟ್ರಸ್ಟಿನ ಆಶ್ರಯಧಾಮವಿದೆ. ಗಾಯಗೊಂಡ, ಯಾರೂ ಇಲ್ಲದ ನಾಯಿ ಬೆಕ್ಕುಗಳಿಗೆ ಅಲ್ಲಿ ಆಸರೆ. ಆದರೆ ಎಷ್ಟೇ ಒಳ್ಳೆಯ ಆಶ್ರಯಧಾಮವಾದರೂ ಅದು ಮುದಿ ನಾಯಿಗೆ ಆಸ್ಪತ್ರೆಯ ವಾರ್ಡಿದ್ದ ಹಾಗೆ. ಗುಣವಾದ ಮೇಲೆ ಮನೆ ಬೇಕೇ ಬೇಕು.

ಮೂರು ದಿನ, ಮೂರು ವಾರ, ಮೂರು ತಿಂಗಳು

ಹೊಸ ಮನೆಗೆ ನಾಯಿ ಹೊಂದಿಕೊಳ್ಳುವ ಬಗ್ಗೆ ಪ್ರಾಣಿಸೇವೆಯವರು ಒಂದು ಅಂದಾಜು ಹೇಳುತ್ತಾರೆ. ಮೊದಲ ಮೂರು ದಿನ ಹೆದರಿಕೆ: ತಿನ್ನದೇ ಇರಬಹುದು, ಮೂಲೆ ಹಿಡಿಯಬಹುದು. ಮೂರು ವಾರದಲ್ಲಿ ಮನೆಯ ದಿನಚರಿ ತಿಳಿಯುತ್ತದೆ. ಮೂರು ತಿಂಗಳಾದ ಮೇಲೆ ಇದು ನನ್ನ ಮನೆ ಎಂಬ ಧೈರ್ಯ ಬರುತ್ತದೆ. ಎಂಟೇ ದಿನಕ್ಕೆ 'ಹೊಂದುವುದಿಲ್ಲ' ಎಂದು ತೀರ್ಪು ಕೊಟ್ಟರೆ ಅವಸರವಾಗುತ್ತದೆ.

ಬೊಳ್ಳುವಿನ ವಿಷಯದಲ್ಲಿ ಅದು ಹೆಚ್ಚುಕಡಿಮೆ ಹಾಗೆಯೇ ಆಯಿತು. ಮೊದಲ ವಾರ ಗೇಟಿನ ಹತ್ತಿರ ರಸ್ತೆ ನೋಡುತ್ತಾ ಕೂತಿರುತ್ತಿತ್ತಂತೆ. ಒಂದು ತಿಂಗಳಾಗುವಾಗ ಹಾಲಿನವನನ್ನು ಕಂಡರೆ ಸುಮ್ಮನಿದ್ದು, ಮೀಟರ್ ನೋಡಲು ಬಂದವನಿಗೆ ಬೊಗಳತೊಡಗಿತು. ದೀಪಾವಳಿಯ ಪಟಾಕಿ ಶಬ್ದಕ್ಕೆ ಟೀಚರ ಮಂಚದ ಅಡಿಗೆ ನುಗ್ಗಿತು. "ಗೇಟಿನಿಂದ ಹೊರಗೆ ಓಡಲಿಲ್ಲ, ಒಳಗೆ ಓಡಿ ಬಂತು. ಅವತ್ತು ನನಗೆ ಗೊತ್ತಾಯ್ತು, ಇನ್ನು ಇದು ನಮ್ಮದು ಅಂತ" ಎಂದರು ಟೀಚರು.

ನಾಮಿನಿಯ ಪರೀಕ್ಷೆ

ಕಳೆದ ವರ್ಷ ಟೀಚರು ಬಚ್ಚಲಿನಲ್ಲಿ ಜಾರಿ ಬಿದ್ದರು. ಸೊಂಟದ ಶಸ್ತ್ರಚಿಕಿತ್ಸೆ, ಹದಿನೆಂಟು ದಿನ ಆಸ್ಪತ್ರೆ. ಆಂಬುಲೆನ್ಸ್ ಬರುವ ಹೊತ್ತಿಗೆ ಆ ನೋವಿನಲ್ಲೂ ಅವರು ತಮ್ಮನ ಮಗನಿಗೆ ಹೇಳಿದ್ದು, "ಕಾಗದ ನೆನಪುಂಟಲ್ಲ?"

ಅವನು ಬೊಳ್ಳುವನ್ನು ತನ್ನ ಮನೆಗೆ ಕರೆದೊಯ್ದ. ಎರಡು ದಿನ ಅದು ಅನ್ನ ಮುಟ್ಟಲಿಲ್ಲ. ನನಗೆ ಫೋನು ಬಂತು, ನಾನೂ ಮೊಮ್ಮಗಳೂ ಹೋದೆವು. ಬೊಳ್ಳು ಟೀಚರ ಮನೆಯ ಮುಚ್ಚಿದ ಬಾಗಿಲಿನ ಮುಂದೆ ಅವರ ಚಪ್ಪಲಿಯ ಹತ್ತಿರ ಮಲಗಿತ್ತು. ಮೊಮ್ಮಗಳು ಬಾಗಿಲು ತೆಗೆಸಿ ಟೀಚರ ಹಳೆಯ ಸೀರೆಯೊಂದನ್ನು ತಂದು ತಮ್ಮನ ಮಗನ ಮನೆಯ ಜಗಲಿಯಲ್ಲಿ ಹಾಸಿದಳು. ಅದನ್ನು ಮೂಸಿ ಮೂಸಿ ಬೊಳ್ಳು ಅದರ ಮೇಲೆ ಮಲಗಿತು. ಸಂಜೆ ಒಂದು ಮೊಟ್ಟೆ ತಿಂದಿತು. ಮರುದಿನ ಅನ್ನ.

ಹದಿನೆಂಟು ದಿನವೂ ನಾನು ಬೆಳಗ್ಗೆ ಸಿಟಿ ಬಸ್ಸು ಹಿಡಿದು ಹೋಗಿ ಅದನ್ನು ಗೇಟಿನಿಂದ ಮರದವರೆಗೆ, ಮರದಿಂದ ಗೇಟಿನವರೆಗೆ ನಡೆಸಿಕೊಂಡು ಬರುತ್ತಿದ್ದೆ. ಇಬ್ಬರಿಗೂ ಮೊಣಕಾಲು ನೋವು, ನಡಿಗೆ ಒಂದೇ ವೇಗ. ಹತ್ತೊಂಬತ್ತನೆಯ ದಿನ ಟೀಚರು ವಾಕರ್ ಹಿಡಿದು ಕಾರಿನಿಂದ ಇಳಿದರು. ಬೊಳ್ಳು ಹಾರಲಿಲ್ಲ, ಹಾರುವ ಕಾಲು ಅದಕ್ಕಿಲ್ಲ. ಅವರ ಹಿಂದೆಯೇ ಹೆಜ್ಜೆ ಹೆಜ್ಜೆ ಒಳಗೆ ಹೋಯಿತು.

ಆ ದಿನ ನನ್ನ ಹಳೆಯ ತೀರ್ಮಾನ ತಪ್ಪೆಂದು ಒಪ್ಪಿಕೊಂಡೆ. ಮುದುಕರು ಮುದಿ ನಾಯಿ ತರಬಾರದು ಎಂಬುದು ಸರಿಯಲ್ಲ, ನಾಮಿನಿ ಇಲ್ಲದೆ ತರಬಾರದು. ಹಾಗೆ ನೋಡಿದರೆ ಈ ಮಾತು ಮೂವತ್ತರ ಹರೆಯದವರಿಗೂ ಅನ್ವಯಿಸುತ್ತದೆ. ಬೊಳ್ಳುವನ್ನು ಬೀದಿಗೆ ಬಿಟ್ಟ ಮನೆಯವರು ಮುದುಕರೇ ಆಗಿದ್ದರೆಂದು ಹೇಳಿದವರಾರು?

ಮುದಿ ನಾಯಿ ತರುವ ಮುನ್ನ

- ವಯಸ್ಸು, ಕಾಯಿಲೆ, ಅಭ್ಯಾಸ ಎಲ್ಲವನ್ನೂ ಕೇಳಿ ಬರೆದಿಟ್ಟುಕೊಳ್ಳಿ. ಕೊಡುವವರು ಮುಚ್ಚಿಡಬಾರದು, ತರುವವರು ಕೇಳಲು ನಾಚಬಾರದು.
- ತಂದ ವಾರದಲ್ಲೇ ಪಶುವೈದ್ಯರಿಗೆ ತೋರಿಸಿ. ಹುಚ್ಚುನಾಯಿ ರೋಗದ ಲಸಿಕೆ ಪ್ರತಿವರ್ಷ ಬೇಕು. ನಮ್ಮ ಮಳೆಯ ಊರಿನಲ್ಲಿ ಇಲಿಜ್ವರದ ಲಸಿಕೆಯ ಬಗ್ಗೆಯೂ ಕೇಳಿ. ಉಣ್ಣಿಯಿಂದ ಜ್ವರ ಬರುತ್ತದೆ, ಕಿವಿಯ ಒಳಗೆ, ಬೆರಳಿನ ಸಂದಿಯಲ್ಲಿ ದಿನಾ ನೋಡಿ.
- ನುಣುಪಾದ ಟೈಲ್ಸ್ ಮೇಲೆ ಮುದಿ ನಾಯಿಯ ಕಾಲು ಜಾರುತ್ತದೆ. ಗೋಣಿಚೀಲವೋ ನಾರಿನ ಚಾಪೆಯೋ ಹಾಸಿದರೆ ಸಾಕು. ಕಣ್ಣು ಮಂದವಾಗಿದ್ದರೆ ಮನೆಯ ಸಾಮಾನು ಪದೇ ಪದೇ ಆಚೀಚೆ ಮಾಡಬೇಡಿ.
- ಮೆತ್ತಗೆ ಬೆಂದ ಅನ್ನ, ಮೊಟ್ಟೆ, ಮುಳ್ಳು ತೆಗೆದ ಮೀನು ಕೊಡಬಹುದು. ನೀರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ನಾಯಿಗೆ ವಿಷ.
- ನಮ್ಮ ಮೊಣಕಾಲು ನೋವಿನ ಮಾತ್ರೆ, ಜ್ವರದ ಮಾತ್ರೆಗಳನ್ನು ನಾಯಿಗೆ ಕೊಡಲೇಬಾರದು. ಅವುಗಳಿಂದ ಪ್ರಾಣಕ್ಕೇ ಅಪಾಯ.
- ನಾಮಿನಿಯ ಹೆಸರನ್ನು ಅವರ ಒಪ್ಪಿಗೆ ಪಡೆದೇ ಬರೆಯಿರಿ. ನಾಯಿಗೂ ಆ ವ್ಯಕ್ತಿಗೂ ಮೊದಲೇ ಪರಿಚಯ ಇರಲಿ.

ಮಕ್ಕಳಿಗೆ ನಾಲ್ಕು ಮಾತು

ಮುದಿ ನಾಯಿಯ ಹತ್ತಿರ ಎದುರಿನಿಂದಲೇ ಹೋಗಿ. ಅದಕ್ಕೆ ನಿಮ್ಮ ಹೆಜ್ಜೆ ಕೇಳಿಸದೇ ಇರಬಹುದು. ತಿನ್ನುವಾಗ, ಮಲಗಿದ್ದಾಗ ಮುಟ್ಟಬೇಡಿ. ಮುಖಕ್ಕೆ ಮುಖ ತಾಗಿಸಿ ಅಪ್ಪಬೇಡಿ, ಕೈ ಮೂಸಲು ಬಿಡಿ, ಅದಾಗಿಯೇ ಬಂದರೆ ಮಾತ್ರ ಸವರಿ. ಯಾವ ನಾಯಿ ಕಚ್ಚಿದರೂ, ಪರಚಿದರೂ ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ. ಕೂಡಲೇ ನಳ್ಳಿಯ ಕೆಳಗೆ ಸಾಬೂನು ಹಾಕಿ ಹದಿನೈದು ನಿಮಿಷ ತೊಳೆದು, ದೊಡ್ಡವರಿಗೆ ಹೇಳಿ ಆಸ್ಪತ್ರೆಗೆ ಹೋಗಿ. ಹುಚ್ಚುನಾಯಿ ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಮದ್ದಿಲ್ಲ. ಮೊದಲೇ ಲಸಿಕೆ ತೆಗೆದುಕೊಂಡರೆ ಹೆದರಬೇಕಾಗಿಲ್ಲ.

ಇಷ್ಟು ಬರೆದು ಮುಗಿಸುವ ಮುನ್ನ ಇನ್ನೊಂದು ವಿಷಯ. ನಾನು ದುಡಿದ ಬ್ಯಾಂಕು ಕೂಡ ಮುದಿತನದಲ್ಲಿ ಇನ್ನೊಂದು ಬ್ಯಾಂಕಿನಲ್ಲಿ ವಿಲೀನವಾಯಿತು. ಬೋರ್ಡಿನ ಬಣ್ಣ ಬದಲಾಯಿತು, ಪಾಸ್‌ಬುಕ್ ಬದಲಾಯಿತು. ಆದರೆ ಹಳೆಯ ಖಾತೆದಾರರು ಯಾರೂ ಬೀದಿಗೆ ಬೀಳಲಿಲ್ಲ, ಎಲ್ಲರ ಲೆಕ್ಕವನ್ನೂ ಹೊಸಬರು ಹೊತ್ತುಕೊಂಡರು. ಹಾಗೆ ಹೊತ್ತುಕೊಳ್ಳುವವರು ಒಬ್ಬರಿದ್ದರೆ ಸಾಕು.

ಮೊನ್ನೆ ಭಾನುವಾರ ಕುಲಶೇಖರಕ್ಕೆ ಹೋಗಿದ್ದೆವು. ಬೊಳ್ಳು ಈಗ ಎದ್ದು ಗೇಟಿನವರೆಗೆ ಬರುವುದಿಲ್ಲ. ನಮ್ಮ ದನಿ ಕೇಳಿ ಮಲಗಿದಲ್ಲೇ ಎರಡು ಸಲ ಬಾಲ ನೆಲಕ್ಕೆ ಬಡಿಯಿತು. ಟೀಚರು ಕಪಾಟಿನಿಂದ ಆ ಹಳೆಯ ಹಾಳೆ ತೆಗೆದು ತೋರಿಸಿದರು. ತಮ್ಮನ ಮಗನ ಹೆಸರು, ಅದರ ಕೆಳಗೆ ನನ್ನ ಹೆಸರು. ಅದರ ಕೆಳಗೆ ಪೆನ್ಸಿಲಿನಲ್ಲಿ ಮೂರನೆಯ ಹೆಸರೊಂದು ಸೇರಿತ್ತು. ಅಕ್ಷರ ನೋಡಿದೊಡನೆ ನನಗೆ ಗುರುತು ಸಿಕ್ಕಿತು.

"ಇದು ಯಾವಾಗ ಬರೆದದ್ದು?" ಎಂದು ಮೊಮ್ಮಗಳನ್ನು ಕೇಳಿದೆ.

"ಟೀಚರು ಆಸ್ಪತ್ರೆಯಲ್ಲಿದ್ದಾಗ, ಅಜ್ಜ. ನೀವೂ ಮುದುಕ ಅಲ್ವಾ?"

ಮನೆಗೆ ಬಂದು ಅವಳಿಗೆ ಒಂದು ನೀಲಿ ಪೆನ್ನು ಕೊಟ್ಟೆ. ಪೆನ್ಸಿಲಿನ ಸಹಿ ಬ್ಯಾಂಕಿನಲ್ಲಿ ನಡೆಯುವುದಿಲ್ಲ. ಮುಂದಿನ ಭಾನುವಾರ ಹೋಗಿ ಅದರ ಮೇಲೆ ಶಾಯಿಯಲ್ಲಿ ಬರೆಯುತ್ತಾಳೆ.